ಬಣ್ಣ ಮಾಸಿದ ಮಹಾ ಚಿತ್ರಕಾರ: ಸರ್ ಜೋಶುವಾ ರೆನಾಲ್ಡ್ಸ್

ಇಂಗ್ಲೆಂಡಿನ ಭಾವಚಿತ್ರಕಾರರಲ್ಲಿ ಸರ್ ಜೋಶುವಾ ರೆನಾಲ್ಡ್ಸನ ಹೆಸರು ಅಗ್ರಗಣ್ಯವಾದುದು. ಆದರೆ ಆತನು ಬರೆದ ಹಲವು ಮುಖಗಳು ಇಂದು ರಕ್ತಹೀನವಾಗಿ ಬಿಳಿಚಿಕೊಂಡಿವೆ. ಇದು ಕಾಲದ ದೋಷವೊಂದೇ ಅಲ್ಲ. ಆತನು ಬದುಕಿದ್ದಾಗಲೇ ಅವು ಮಾಸತೊಡಗಿದ್ದವು.

ಡೆವನ್ ಪ್ರಾಂತದ ಪ್ಲಿಂಪ್ಟನ್ನಿನಲ್ಲಿ 1723ರ ಜುಲೈ 16ರಂದು ಜನಿಸಿದ ಈತನ ತಂದೆ ಪಾದ್ರಿ ಹಾಗೂ ಉಪಾಧ್ಯಾಯ. 1740ರಲ್ಲಿ ಲಂಡನಿನ ಥಾಮಸ್ ಹಡ್ಸನನಲ್ಲಿ ಶಿಷ್ಯನಾದನು. 1749ರಿಂದ 1752ರವರೆಗೆ ಇಟಲಿಯ ಪ್ರವಾಸದಲ್ಲಿದ್ದನು. ವೆನಿಸಿನ ಹಿರಿಯರ, ಅದರಲ್ಲೂ ಟಿಷಿಯನ್ನನ, ವರ್ಣಗಳ ಒಳಹೊಳಪು ಆತನನ್ನು ಸೆರೆಹಿಡಿಯಿತು. ಆ ಗುಟ್ಟನ್ನು ಭೇದಿಸಲು ಹಳೆಯ ವೆನಿಸ್ ಚಿತ್ರಗಳನ್ನು ಪದರಪದರವಾಗಿ ಕೆರೆದು ಹಾಳುಮಾಡಿದನೆಂದೂ ಹೇಳುವುದುಂಟು.

ತೈಲಚಿತ್ರದಲ್ಲಿ ಬಣ್ಣದ ಪುಡಿಯನ್ನು ಹಿಡಿದಿಡುವುದು ಎಣ್ಣೆ; ಸಾಮಾನ್ಯವಾಗಿ ಅಗಸೆ ಎಣ್ಣೆ. ನಮ್ಮ ಉತ್ತರ ಕರ್ನಾಟಕದ ಓದುಗರು ಚಟ್ನಿಯಿಂದ ಬಲ್ಲ ಅಗಸೆಯೇ ಅದು. ಈ ಎಣ್ಣೆ ನೀರಿನಂತೆ ಆರಿಹೋಗುವುದಿಲ್ಲ. ಗಾಳಿಯ ಆಮ್ಲಜನಕವನ್ನು ಹೀರಿ ನಿಧಾನವಾಗಿ ಗಟ್ಟಿಯಾಗುತ್ತದೆ. ಆದುದರಿಂದ ಕೆಳಪದರದಲ್ಲಿ ಎಣ್ಣೆ ಕಡಿಮೆಯಿರಬೇಕು, ಮೇಲಿನದರಲ್ಲಿ ಹೆಚ್ಚಿರಬೇಕು. ಕೆಳಗಿನದು ಇನ್ನೂ ಹಸಿಯಾಗಿರುವಾಗ ಮೇಲಿನದು ಬಿಗಿದುಕೊಂಡರೆ ಚಿತ್ರ ಸೀಳುತ್ತದೆ.

ರೆನಾಲ್ಡ್ಸನಿಗೆ ಇಷ್ಟು ತಾಳ್ಮೆಯಿರಲಿಲ್ಲ. ಮಸ್ತಿಕ್ ಮರದ ರಾಳದ ವಾರ್ನಿಷನ್ನು ಎಣ್ಣೆಯೊಡನೆ ಕಲಸಿದ ಮೆಗಿಲ್ಪ್ ಎಂಬ ಪಾಕವು ಕುಂಚಕ್ಕೆ ಬೆಣ್ಣೆಯಂತೆ ಒದಗುತ್ತಿತ್ತು, ಕೂಡಲೇ ಹೊಳೆಯುತ್ತಿತ್ತು. ಅದರ ಜೊತೆಗೆ ಮೇಣ, ಕೊಪೈಬಾ ಮರದ ರಸ, ಮೊಟ್ಟೆ, ಎಂದಿಗೂ ಪೂರ್ತಿ ಒಣಗದ ಕಪ್ಪು ಬಿಟುಮೆನ್ ಇವೆಲ್ಲವನ್ನೂ ಪ್ರಯೋಗಿಸಿದನು. ಈ ಪಾಕವಿಧಾನಗಳನ್ನು ಲೆಕ್ಕದ ಪುಸ್ತಕಗಳಲ್ಲಿ ಇಂಗ್ಲಿಷ್ ಬೆರೆತ ಅರೆಬರೆ ಇಟಾಲಿಯನ್ನಿನಲ್ಲಿ ಗುರುತುಹಾಕಿಕೊಂಡನು. ಮನೆಯಲ್ಲೇ ಇದ್ದ ಶಿಷ್ಯ ಜೇಮ್ಸ್ ನಾರ್ತ್‌ಕೋಟನಿಗೂ ತನ್ನ ಬಣ್ಣಗಳ ತಯಾರಿಕೆಯನ್ನು ತೋರಿಸಲಿಲ್ಲ. ಕೆನ್ನೆಯ ಕೆಂಪಿಗೆ ಹುಳುವಿನಿಂದ ತೆಗೆದ ಕಾರ್ಮೈನ್ ಬೇಡ, ಬಾಳುವ ಹಿಂಗುಲೀಕವನ್ನು ಬಳಸಬಹುದೆಂದು ಅದೇ ಶಿಷ್ಯನು ಸೂಚಿಸಿದಾಗ, ಗುರುವು ತನ್ನ ಕೈಯನ್ನೇ ನೋಡಿಕೊಂಡು, ಮಾಂಸದಲ್ಲಿ ಆ ಬಣ್ಣ ತನಗೆ ಕಾಣುವುದಿಲ್ಲವೆಂದನಂತೆ. ಕಣ್ಣು ಸುಳ್ಳು ಹೇಳಿರಲಿಲ್ಲ. ಆದರೆ ಕಾರ್ಮೈನ್ ಬೆಳಕಿಗೆ ಅಳಿಯಿತು.

1758ರ ಒಂದೇ ವರ್ಷದಲ್ಲಿ ಸುಮಾರು 150 ಮಂದಿ ಆತನೆದುರು ಕುಳಿತರು. 1768ರಲ್ಲಿ ರಾಯಲ್ ಅಕಾಡೆಮಿಯ ಪ್ರಥಮಾಧ್ಯಕ್ಷನಾದನು. ಮರುವರ್ಷ ಸರ್ ಪದವಿ ಬಂದಿತು. 1780ರ ದಶಕದಲ್ಲಿ ಪೂರ್ಣಾಕೃತಿಯ ಚಿತ್ರಕ್ಕೆ 200 ಗಿನಿ ಪಡೆಯುತ್ತಿದ್ದನು. ಅಷ್ಟು ತೆತ್ತವರು ಮುಖ ಬಿಳಿಚಿದುದನ್ನು ಕಂಡು ಸುಮ್ಮನಿರುವರೇ? ಚಿತ್ರ ಬಾಳುವಷ್ಟು ವರ್ಷ ಮಾತ್ರ ವರ್ಷಾಶನದಂತೆ ಹಣ ಕೊಡಬೇಕೆಂದು ಹೊರೇಸ್ ವಾಲ್ಪೋಲ್ ಹಾಸ್ಯಮಾಡಿದನು. ಗಿರಾಕಿಯ ಹಣದಲ್ಲಿ ಪ್ರಯೋಗ ನಡೆಸಿದುದು ಸರಿಯೆನ್ನಲು ನಮಗೂ ಮನಸ್ಸು ಬಾರದು. ಆದರೂ ಆತನನ್ನು ವಂಚಕನೆನ್ನಲಾರೆವು. ಸಿದ್ಧಸೂತ್ರಕ್ಕೆ ಅಂಟಿಕೊಂಡು ಸುಖವಾಗಿ ಸಂಪಾದಿಸಬಹುದಾಗಿದ್ದವನು, ಕೀರ್ತಿಯ ಶಿಖರದಲ್ಲಿಯೂ ಹುಡುಕಾಟವನ್ನು ಬಿಡಲಿಲ್ಲ.

1789ರಲ್ಲಿ ಎಡಗಣ್ಣಿನ ದೃಷ್ಟಿ ಹೋಗಿ ಕುಂಚವನ್ನು ಕೆಳಗಿಟ್ಟನು. 1792ರ ಫೆಬ್ರವರಿ 23ರಂದು ತೀರಿಕೊಂಡ ಆತನನ್ನು ಸೇಂಟ್ ಪಾಲ್ ದೇವಾಲಯದಲ್ಲಿ ಸಮಾಧಿ ಮಾಡಿದರು. ಆತನ ಪ್ರಯೋಗಗಳನ್ನೇ ವಿಷಯವಾಗಿಸಿಕೊಂಡು 2015ರಲ್ಲಿ ಲಂಡನಿನ ವಾಲೇಸ್ ಸಂಗ್ರಹಾಲಯವು ಪ್ರದರ್ಶನವನ್ನು ಏರ್ಪಡಿಸಿತ್ತು. ಚಿತ್ರ ಸಂರಕ್ಷಕರಿಗೆ ಆತನ ಕೃತಿಗಳೆಂದರೆ ಇಂದಿಗೂ ಅಂಜಿಕೆ. ಮೇಲಿನ ಹಳದಿಗಟ್ಟಿದ ವಾರ್ನಿಷನ್ನು ಕರಗಿಸುವ ದ್ರವವು ರಾಳ ಬೆರೆತ ಬಣ್ಣವನ್ನೂ ಕರಗಿಸಿಬಿಡುತ್ತದೆ.