ಆಲ್ಬರ್ಟ್ ಸೆಂಟ್-ಜಾರ್ಜಿ

ನಮ್ಮ ಬ್ಯಾಡಗಿಯ ಮೆಣಸಿನಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು. ಹಾವೇರಿ, ರಾಣೆಬೆನ್ನೂರುಗಳ ನನ್ನ ಸಹಪಾಠಿಗಳಿಗೆ ಇದನ್ನು ಹೇಳಬೇಕಾಗಿಲ್ಲ. ಅದರ ದಾಯಾದಿಯಾದ ಪಾಪ್ರಿಕಾ ಹಂಗೇರಿ ದೇಶದಲ್ಲಿ ಬೆಳೆಯುತ್ತದೆ. ಆ ಕಾಯಿಯ ನೆರವಿನಿಂದ ನೊಬೆಲ್ ಪಾರಿತೋಷಕವನ್ನು ಗಳಿಸಿದ ವಿಜ್ಞಾನಿಯೊಬ್ಬನ ಚರಿತ್ರೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಆಲ್ಬರ್ಟ್ ಸೆಂಟ್-ಜಾರ್ಜಿ 1893ರಲ್ಲಿ ಬುಡಾಪೆಸ್ಟಿನಲ್ಲಿ ಜನಿಸಿದನು. ವೈದ್ಯಕೀಯ ಓದುತ್ತಿರುವಾಗಲೇ ಮೊದಲನೆಯ ಮಹಾಯುದ್ಧಕ್ಕೆ ಹೋಗಬೇಕಾಯಿತು. ಆ ಕೊಲೆಗೆ ಬೇಸತ್ತು, ತನ್ನ ತೋಳಿಗೆ ತಾನೇ ಗುಂಡು ಹೊಡೆದುಕೊಂಡು ಮನೆಗೆ ಮರಳಿದನು. ಹೇಡಿಯೆನ್ನುವವರು ಅನ್ನಲಿ, ಎರಡನೆಯ ಯುದ್ಧದಲ್ಲಿ ಹಿಟ್ಲರನಿಗೆ ಎದುರಾಗಿ ತಲೆಮರೆಸಿಕೊಂಡು ಬದುಕಿದವನೂ ಈತನೇ ಎಂಬುದನ್ನು ಬಲ್ಲ ನಾನು ಹಾಗೆನ್ನಲಾರೆ.

ಹೆಚ್ಚಿಟ್ಟ ಬದನೆಕಾಯಿ ಗಾಳಿಗೆ ಕಪ್ಪಾಗುತ್ತದೆ, ನಿಂಬೆಹಣ್ಣು ಆಗುವುದಿಲ್ಲ. ಏಕೆ? ಇಂಥ ಪ್ರಶ್ನೆಯೇ ಈತನನ್ನು ಹಿಡಿಯಿತು. ಆಮ್ಲಜನಕದ ಹಾವಳಿಯನ್ನು ತಡೆಯುವ ವಸ್ತುವೊಂದು ನಿಂಬೆಯ ಜಾತಿಯ ಹಣ್ಣುಗಳಲ್ಲಿಯೂ ಪಶುಗಳ ಅಡ್ರಿನಲ್ ಗ್ರಂಥಿಯಲ್ಲಿಯೂ ಇದೆಯೆಂದು ಕಂಡು, 1928ರಲ್ಲಿ ಕೇಂಬ್ರಿಜಿನಲ್ಲಿ ಅದನ್ನು ಬೇರ್ಪಡಿಸಿದನು. ಆದರೆ ದೊರೆತದ್ದು ಚಿಟಿಕೆಯಷ್ಟು. ಮುಂದೆ ಹಂಗೇರಿಯ ಸೆಗೆಡ್ ವಿಶ್ವವಿದ್ಯಾಲಯದಲ್ಲಿದ್ದಾಗ ಒಂದು ರಾತ್ರಿ ಮಡದಿ ಊಟಕ್ಕೆ ಹಸಿ ಪಾಪ್ರಿಕಾ ಬಡಿಸಿದಳಂತೆ. ತಿನ್ನಲು ಮನಸ್ಸಿಲ್ಲ, ಬೇಡವೆನ್ನಲು ಧೈರ್ಯವಿಲ್ಲ! ಪರೀಕ್ಷಿಸುವ ನೆಪದಿಂದ ಪ್ರಯೋಗಶಾಲೆಗೆ ಒಯ್ದನು. ನೋಡಿದರೆ ಅದು ಆ ವಸ್ತುವಿನ ಕಣಜ. ಕೆಲವೇ ವಾರಗಳಲ್ಲಿ ಕಿಲೋಗ್ರಾಂ ಲೆಕ್ಕದಲ್ಲಿ ಸಿಕ್ಕಿತು. ಅದೇ ಸಿ ಜೀವಸತ್ವ, ವಸಡಿನಿಂದ ರಕ್ತ ಒಸರಿಸಿ ಕೊಲ್ಲುವ ಸ್ಕರ್ವಿ ರೋಗದ ಮದ್ದು. ನೊಬೆಲ್ ಬಂದದ್ದು 1937ರಲ್ಲಿ.

ನಾವು ಉಸಿರಾಡಿದ ಆಮ್ಲಜನಕವನ್ನು ಜೀವಕೋಶಗಳು ಬಳಸುವಾಗ, ಜೋಡಿಯಿಲ್ಲದ ಎಲೆಕ್ಟ್ರಾನುಳ್ಳ ಕಣಗಳೂ ಹುಟ್ಟುತ್ತವೆ. ಇವೇ ಫ್ರೀ ರ್ಯಾಡಿಕಲ್‌ಗಳು. ಸಿಕ್ಕಲ್ಲಿಂದ ಎಲೆಕ್ಟ್ರಾನನ್ನು ಕಸಿದು ಕೋಶದ ಪೊರೆಯನ್ನೂ ಡಿಎನ್‌ಎಯನ್ನೂ ಕೆಡಿಸುತ್ತವೆ. ಸಿ ಜೀವಸತ್ವ ತನ್ನದನ್ನೇ ಕೊಟ್ಟು ಅವನ್ನು ತಣಿಸುತ್ತದೆ. ಕಣದಲ್ಲಿ ಒಣಗಿದ ಬ್ಯಾಡಗಿ ಕಾಯಿಯಲ್ಲಿ ಈ ಸತ್ವದ ಬಹುಭಾಗ ಬಿಸಿಲಿಗೆ ಹೋಗಿರುತ್ತದೆ. ಆದರೆ ಅದಕ್ಕೆ ಕೆಂಪು ಕೊಡುವ ಕ್ಯಾಪ್ಸಾಂಥಿನ್ ಕೂಡ ಇದೇ ಕೆಲಸ ಮಾಡಬಲ್ಲದು. ಹಾಗೆಂದು ಗುಳಿಗೆ ನುಂಗಿದರೆ ಆಯಿತೆನ್ನುವಂತಿಲ್ಲ. ಫಿನ್ಲೆಂಡಿನಲ್ಲಿ ಧೂಮಪಾನಿಗಳಿಗೆ ಇದೇ ಬಳಗದ ಬೀಟಾ-ಕ್ಯಾರೊಟಿನ್ ಗುಳಿಗೆ ಕೊಟ್ಟು ನೋಡಿದಾಗ, ಶ್ವಾಸಕೋಶದ ಕ್ಯಾನ್ಸರ್ ಇಳಿಯದೆ ಏರಿದ್ದು 1994ರಲ್ಲಿ ಪ್ರಕಟವಾಯಿತು.

ಸೆಂಟ್-ಜಾರ್ಜಿ 1947ರಲ್ಲಿ ಅಮೆರಿಕೆಗೆ ಹೋಗಿ ವುಡ್ಸ್ ಹೋಲ್ ಎಂಬ ಕಡಲತೀರದ ಊರಿನಲ್ಲಿ ನೆಲೆಸಿದನು. ಎರಡನೆಯ ಮಡದಿಯನ್ನೂ ಒಬ್ಬಳೇ ಮಗಳನ್ನೂ ಕ್ಯಾನ್ಸರ್ ಕೊಂಡೊಯ್ದಿತು. ಮುದುಕನು ಆ ರೋಗದ ಬೇರನ್ನು ಎಲೆಕ್ಟ್ರಾನುಗಳಲ್ಲಿಯೂ ಫ್ರೀ ರ್ಯಾಡಿಕಲ್‌ಗಳಲ್ಲಿಯೂ ಹುಡುಕಿದನು. ಮದ್ದು ದೊರೆಯಲಿಲ್ಲ. 1986ರಲ್ಲಿ, ತನ್ನ 93ನೆಯ ವಯಸ್ಸಿನಲ್ಲಿ, ಅಲ್ಲಿಯೇ ತೀರಿಕೊಂಡನು.