ನಮ್ಮ ವಯಸ್ಸಿನ ಮೇರಿ

ಸೆಕೆಂಡ್ ಇಂಟರ್ನಲ್ಸ್ ಮುಗಿದ ದಿನ ನಾವು ನಾಲ್ಕು ಜನ ರೂಮ್‌ಮೇಟ್ಸ್ ಒಂದು ತೀರ್ಮಾನಕ್ಕೆ ಬಂದೆವು. ಒಂದು ತಿಂಗಳು ಪೂರ್ತಿ ಸೈನ್ಸ್ ಫಿಕ್ಷನ್, ಫ್ಯಾಂಟಸಿ ಬಿಟ್ಟು ಬೇರೇನೂ ಓದೋದಿಲ್ಲ. (ಸಿಲಬಸ್ ಅಂತೂ ಮೊದಲೂ ಓದ್ತಿರಲಿಲ್ಲ ಬಿಡಿ.) ವೆಲ್ಸ್, ವರ್ನ್, ಅಸಿಮೋವ್, ಟೋಲ್ಕಿನ್ ಎಲ್ಲರನ್ನೂ ಒಂದು ಕೈ ನೋಡಿದ್ದಾಯ್ತು. ಆದರೆ ರಾತ್ರಿ ಮೆಸ್‌ನಿಂದ ವಾಪಸ್ ಬರುವಾಗ ನಮ್ಮ ಮಾತು ತಿರುಗಿ ತಿರುಗಿ ಬಂದು ನಿಲ್ಲುತ್ತಿದ್ದದ್ದು ಫ್ರಾಂಕೆನ್‌ಸ್ಟೈನ್ ಹತ್ತಿರ. ಅದನ್ನು ಬರೆಯೋಕೆ ಶುರು ಮಾಡಿದಾಗ ಮೇರಿ ಶೆಲ್ಲಿಗೆ 18 ವರ್ಷ, ಮುಗಿಸಿದಾಗ 19. ಅಂದರೆ ನಮ್ಮದೇ ವಯಸ್ಸು. ಅದಕ್ಕೇ ಇಲ್ಲಿ 'ಅವರು' ಅನ್ನದೆ 'ಅವಳು' ಅಂತಲೇ ಬರೆಯುತ್ತಿದ್ದೇವೆ, ಬೇಜಾರು ಮಾಡ್ಕೋಬೇಡಿ.

ಮೇರಿ ಹುಟ್ಟಿದ್ದು 1797ರ ಆಗಸ್ಟ್ 30ರಂದು, ಲಂಡನ್ನಿನಲ್ಲಿ. ತಾಯಿ ಮೇರಿ ವೋಲ್‌ಸ್ಟನ್‌ಕ್ರಾಫ್ಟ್ ಹೆಣ್ಣುಮಕ್ಕಳ ಹಕ್ಕುಗಳ ಬಗ್ಗೆ ಬರೆದು ಹೆಸರಾದವರು. ಮಗಳು ಹುಟ್ಟಿ ಹನ್ನೊಂದನೇ ದಿನಕ್ಕೆ ಬಾಣಂತಿ ಜ್ವರದಿಂದ ತೀರಿಕೊಂಡರು. ತಂದೆ ವಿಲಿಯಂ ಗಾಡ್ವಿನ್ ಕೂಡ ದೊಡ್ಡ ಲೇಖಕ. ಮೇರಿ ಸ್ಕೂಲಲ್ಲಿ ಕಲಿತದ್ದು ತೀರಾ ಕಡಿಮೆ, ಅಪ್ಪನ ಲೈಬ್ರರಿಯೇ ಅವಳ ಸ್ಕೂಲು. ತಾಯಿಯ ಸಮಾಧಿ ಪಕ್ಕ ಕೂತು ಪುಸ್ತಕ ಓದೋದು ಅವಳಿಗೆ ಅಭ್ಯಾಸವಾಗಿತ್ತು.

16ನೇ ವಯಸ್ಸಿನಲ್ಲಿ ಕವಿ ಪರ್ಸಿ ಶೆಲ್ಲಿಯ ಜೊತೆ ಮನೆ ಬಿಟ್ಟು ಹೋದಳು. ಅವನಿಗೆ ಆಗಲೇ ಮದುವೆಯಾಗಿತ್ತು. ಸಿಟ್ಟಾದ ಅಪ್ಪ ಎರಡು ವರ್ಷಕ್ಕೂ ಹೆಚ್ಚು ಕಾಲ ಮುಖ ಕೊಟ್ಟು ಮಾತಾಡಲಿಲ್ಲ. 1815ರ ಫೆಬ್ರವರಿಯಲ್ಲಿ ದಿನ ತುಂಬದೆ ಒಂದು ಹೆಣ್ಣುಮಗು ಹುಟ್ಟಿತು, ಕೆಲವೇ ದಿನಗಳಲ್ಲಿ ಹೋಗಿಬಿಟ್ಟಿತು. ಆ ಮಗುವನ್ನು ಬೆಂಕಿಯ ಹತ್ತಿರ ಹಿಡಿದು ಉಜ್ಜಿದಾಗ ಮತ್ತೆ ಜೀವ ಬಂದ ಹಾಗೆ ಕನಸು ಬಿತ್ತು ಅಂತ ಅವಳು ಡೈರಿಯಲ್ಲಿ ಬರೆದುಕೊಂಡಿದ್ದಾಳೆ. ಇದನ್ನು ಓದಿದ ರಾತ್ರಿ ನಮ್ಮ ರೂಮಲ್ಲಿ ಯಾರೂ ಮಾತಾಡಲಿಲ್ಲ.

ಅದೇ 1815ರ ಏಪ್ರಿಲ್‌ನಲ್ಲಿ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿಯಿತು. ಅದು ಮೇಲಕ್ಕೆ ಎಸೆದದ್ದು ಆಕಾಶದಲ್ಲಿ ಹರಡಿಕೊಂಡು, ಮುಂದಿನ ವರ್ಷ ಯೂರೋಪಿಗೆ ಬೇಸಿಗೆಯೇ ಬರಲಿಲ್ಲ. 1816ರ ಜೂನ್‌ನಲ್ಲಿ ಮೇರಿ, ಪರ್ಸಿ ಇದ್ದದ್ದು ಜಿನೀವಾ ಸರೋವರದ ದಡದಲ್ಲಿ. ಪಕ್ಕದ ಬಂಗಲೆಯಲ್ಲಿ ಕವಿ ಬೈರನ್, ಅವನ ಡಾಕ್ಟರ್ ಪೋಲಿಡೋರಿ. ಹೊರಗೆ ಬಿಡದ ಮಳೆ. ಒಳಗೆ ದೆವ್ವದ ಕಥೆ ಓದಿ ಓದಿ ಬೋರಾದಾಗ, ನಾವೇ ಒಂದೊಂದು ಬರೆಯೋಣ ಅಂತ ಬೈರನ್ ಹೇಳಿದ. ಮೇರಿಗೆ ಎಷ್ಟೋ ದಿನ ಏನೂ ಹೊಳೆಯಲಿಲ್ಲ. ಕಥೆ ಸಿಕ್ತಾ ಅಂತ ದಿನಾ ಬೆಳಗ್ಗೆ ಕೇಳೋರು, ಇಲ್ಲ ಅಂತ ಇವಳು ತಲೆ ತಗ್ಗಿಸೋಳು. (ಪ್ರಾಜೆಕ್ಟ್ ಗೈಡ್ ಮುಂದೆ ನಾವು ನಿಂತ ಹಾಗೆ.)

ಸತ್ತ ಕಪ್ಪೆಯ ಕಾಲು ಕರೆಂಟಿಗೆ ಒದೆಯುತ್ತೆ ಅಂತ ಗ್ಯಾಲ್ವನಿ ತೋರಿಸಿಯಾಗಿತ್ತು. 1803ರಲ್ಲಿ ಅವನ ಸೋದರಳಿಯ ಆಲ್ಡಿನಿ ಲಂಡನ್ನಿನಲ್ಲಿ, ನೇಣಿಗೇರಿಸಿದ ಒಬ್ಬನ ಹೆಣಕ್ಕೇ ಕರೆಂಟು ಹರಿಸಿದ್ದ. ಒಂದು ರಾತ್ರಿ ಜೀವ ಅಂದರೇನು ಅನ್ನೋ ಚರ್ಚೆ ಕೇಳಿ ಮಲಗಿದ ಮೇರಿಗೆ ಅರೆನಿದ್ದೆಯಲ್ಲಿ ಒಂದು ದೃಶ್ಯ ಕಂಡಿತು. ತಾನೇ ಜೋಡಿಸಿದ ದೇಹದ ಪಕ್ಕ ಮಂಡಿಯೂರಿ ಕೂತ ಒಬ್ಬ ವಿದ್ಯಾರ್ಥಿ.

ಹೌದು, ವಿದ್ಯಾರ್ಥಿ. ನಾವೆಲ್ಲ ಫ್ರಾಂಕೆನ್‌ಸ್ಟೈನ್ ಅಂದರೆ ತಲೆಗೆ ಬೋಲ್ಟ್ ಹೊಡೆದ ರಾಕ್ಷಸ ಅಂತಲೇ ತಿಳಿದಿದ್ದೆವು. ಪುಸ್ತಕದಲ್ಲಿ ಅದು ಮಾಡಿದವನ ಹೆಸರು, ಅವನು ಕಾಲೇಜಲ್ಲಿ ಓದುವ ಹುಡುಗ. ಎರಡು ವರ್ಷ ಕಷ್ಟಪಟ್ಟು ಜೀವ ಕೊಡ್ತಾನೆ, ಅದು ಕಣ್ಣು ಬಿಟ್ಟ ಕೂಡಲೇ ಹೆದರಿ ಓಡಿಹೋಗ್ತಾನೆ. ಅದಕ್ಕೊಂದು ಹೆಸರು ಕೂಡ ಇಡೋದಿಲ್ಲ. ಪಾಪ, ಅದು ಒಂದು ಮನೆಯ ಗೋಡೆ ಸಂದಿಯಿಂದ ನೋಡಿ ನೋಡಿ ಭಾಷೆ ಕಲಿಯುತ್ತೆ, ದಾರಿಯಲ್ಲಿ ಸಿಕ್ಕ ಪುಸ್ತಕ ಓದುತ್ತೆ, ತನ್ನವರು ಅಂತ ಒಬ್ಬರನ್ನು ಹುಡುಕುತ್ತೆ. ಎಲ್ಲರೂ ಓಡಿಸಿದ ಮೇಲೆ ಕೊಲೆಗೆ ಇಳಿಯುತ್ತೆ. ನಮಗೆ ಅರ್ಥವಾದದ್ದು ಇಷ್ಟು: ಫ್ರಾಂಕೆನ್‌ಸ್ಟೈನ್ ಮಾಡಿದ ತಪ್ಪು ಜೀವ ಕೊಟ್ಟದ್ದಲ್ಲ, ಕೊಟ್ಟು ಕೈಬಿಟ್ಟದ್ದು.

1818ರ ಜನವರಿ 1ರಂದು ಪುಸ್ತಕ ಬಂತು. 500 ಪ್ರತಿ, ಲೇಖಕರ ಹೆಸರಿಲ್ಲ. ಮುನ್ನುಡಿ ಪರ್ಸಿಯದ್ದು, ಹಾಗಾಗಿ ಅವನೇ ಬರೆದಿರಬೇಕು ಅಂದುಕೊಂಡವರೂ ಇದ್ದರು. ಮೇರಿಯ ಹೆಸರು ಅಚ್ಚಾದದ್ದು 1823ರ ಎರಡನೇ ಮುದ್ರಣದಲ್ಲಿ.

ಅಷ್ಟರಲ್ಲಿ ಅವಳ ಬದುಕೇ ಬದಲಾಗಿತ್ತು. ಇಟಲಿಯಲ್ಲಿ ಮಗಳು ಕ್ಲಾರಾ, ಮಗ ವಿಲಿಯಂ ಇಬ್ಬರೂ ತೀರಿಕೊಂಡರು. 1822ರ ಜುಲೈನಲ್ಲಿ ಪರ್ಸಿ ಸಮುದ್ರದಲ್ಲಿ ಮುಳುಗಿ ಸತ್ತ. ಅವಳಿಗಿನ್ನೂ 24. ಉಳಿದ ಒಬ್ಬ ಮಗನನ್ನು ಕರೆದುಕೊಂಡು ಲಂಡನ್ನಿಗೆ ಬಂದು, ಬರೆದೇ ಜೀವನ ಸಾಗಿಸಿದಳು. 1826ರಲ್ಲಿ ಬಂದ ಅವಳ ದಿ ಲಾಸ್ಟ್ ಮ್ಯಾನ್‌ನಲ್ಲಿ 21ನೇ ಶತಮಾನದ ಒಂದು ಪಿಡುಗು ಮನುಷ್ಯರನ್ನೆಲ್ಲ ನುಂಗಿ, ಕೊನೆಗೆ ಒಬ್ಬನೇ ಉಳಿಯುತ್ತಾನೆ. ಗಂಡನ ಜೀವನಚರಿತ್ರೆ ಬರೆಯಕೂಡದು ಅನ್ನೋ ಷರತ್ತಿನ ಮೇಲೆ ಮಾವ ಖರ್ಚಿಗೆ ಹಣ ಕೊಡುತ್ತಿದ್ದರು. ಅವಳು 1839ರಲ್ಲಿ ಪರ್ಸಿಯ ಕವನಗಳನ್ನೆಲ್ಲ ಸೇರಿಸಿ ಪ್ರಕಟಿಸಿ, ಟಿಪ್ಪಣಿಗಳಲ್ಲೇ ಅವನ ಬದುಕನ್ನೂ ಹೇಳಿಬಿಟ್ಟಳು!

1851ರ ಫೆಬ್ರವರಿ 1ರಂದು, 53ನೇ ವಯಸ್ಸಿನಲ್ಲಿ ಮೇರಿ ತೀರಿಕೊಂಡಳು. ಆಮೇಲೆ ಅವಳ ಮೇಜು ತೆಗೆದು ನೋಡಿದಾಗ ತೀರಿಹೋದ ಮಕ್ಕಳ ಕೂದಲು, ಪರ್ಸಿಯ ಹೃದಯದ್ದು ಅಂತ ಅವಳು ಜೋಪಾನ ಮಾಡಿದ್ದ ಅವಶೇಷ ಸಿಕ್ಕವಂತೆ. ಅವಳು ಯಾರನ್ನೂ ಕೈಬಿಟ್ಟಿರಲಿಲ್ಲ.

ನಮ್ಮ ಮಂಚದ ಕೆಳಗೆ ಒಂದು ರಟ್ಟಿನ ಡಬ್ಬ ಇದೆ. ಅದರಲ್ಲಿ ಕಳೆದ ಸೆಮ್‌ನಲ್ಲಿ ಮಾಡಿ, ಮಾರ್ಕ್ಸ್ ಬಂದ ದಿನವೇ ಮರೆತ ಲೈನ್ ಫಾಲೋವರ್ ರೋಬೋ ಬಿದ್ದಿತ್ತು. ತಿಂಗಳ ಕೊನೆಯ ಭಾನುವಾರ ಅದನ್ನು ಹೊರಗೆ ತೆಗೆದು ಧೂಳು ಒರೆಸಿ, ಹೊಸ ಬ್ಯಾಟರಿ ಹಾಕಿದೆವು. ಎಡಕ್ಕೆ ಎಳೆಯುತ್ತೆ, ನಿಜ. ಆದರೆ ಈಗ ಅದಕ್ಕೊಂದು ಹೆಸರು ಇಟ್ಟಿದ್ದೇವೆ.