ಜೈಲಿನಲ್ಲಿ ಕೂತು ಊರು ಕಟ್ಟಿದ ಉನ್ನವ

ಹಳ್ಳಿ ಬಗ್ಗೆ ಕಥೆ ಬರೆಯೋದು ಸುಲಭ ಅಂತ ಬಹಳ ಮಂದಿ ತಿಳಿದಿದ್ದಾರೆ. ಒಂದು ಆಲದ ಮರ, ಒಂದು ಬಾವಿ, ನಾಲ್ಕು ಎಮ್ಮೆ ಇಟ್ಟರೆ ಆಯ್ತು ಅನ್ನುತ್ತಾರೆ. ಅಂಥವರು ತೆಲುಗಿನ ಉನ್ನವ ಲಕ್ಷ್ಮೀನಾರಾಯಣ ಅವರ 'ಮಾಲಪಲ್ಲಿ' ಕಾದಂಬರಿ ಓದಬೇಕು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ಆಡುವ ಮಡಕಶಿರಾ, ರಾಯದುರ್ಗದ ನಮ್ಮಂಥ ಜನಕ್ಕೆ ಅದು ಹೊರಗಿನ ಪುಸ್ತಕವಲ್ಲ.

ಉನ್ನವ ಹುಟ್ಟಿದ್ದು 1877ರಲ್ಲಿ, ಗುಂಟೂರು ಸೀಮೆಯ ವೇಮುಲೂರುಪಾಡು ಎಂಬ ಹಳ್ಳಿಯಲ್ಲಿ. ಬ್ರಾಹ್ಮಣ ಮನೆತನ. ವೀರೇಶಲಿಂಗಂ ಅವರ ದಾರಿ ಹಿಡಿದು, ಹೆಂಡತಿ ಲಕ್ಷ್ಮೀಬಾಯಮ್ಮನವರ ಜೊತೆ ವಿಧವೆಯರಿಗೆ ಮರುಮದುವೆ ಮಾಡಿಸಲು ನಿಂತರು. ಆ ಕಾಲಕ್ಕೆ ಅದು ಸಣ್ಣ ಮಾತೇನಲ್ಲ. ಆಮೇಲೆ ಐರ್ಲೆಂಡಿನ ಡಬ್ಲಿನ್‌ಗೆ ಹೋಗಿ ಬ್ಯಾರಿಸ್ಟರ್ ಆಗಿ ಬಂದರು.

ದುಡ್ಡು ಮಾಡುವ ದಾರಿ ತೆರೆದಿತ್ತು, ಅವರು ಹಿಡಿದದ್ದು ಬೇರೆ ದಾರಿ. ಪಲ್ನಾಡಿನಲ್ಲಿ ರೈತರ ದನ ಕಾಡಿಗೆ ಮೇಯಲು ಹೋದರೆ ಸರ್ಕಾರ ಪುಲ್ಲರಿ ಅಂತ ತೆರಿಗೆ ವಸೂಲು ಮಾಡುತ್ತಿತ್ತು. 1921ರಲ್ಲಿ ಜನ ಕೊಡೋದಿಲ್ಲ ಅಂತ ನಿಂತರು. ಅವರ ಪರ ಹೋದ ಉನ್ನವರನ್ನು ಸರ್ಕಾರ ಹಿಡಿದು ಜೈಲಿಗೆ ಹಾಕಿತು. 'ಮಾಲಪಲ್ಲಿ' ಹುಟ್ಟಿದ್ದು ಆ ಜೈಲಿನ ಒಳಗೆ. ಕಣ್ಣೆದುರಿಗೆ ಗದ್ದೆಯಿಲ್ಲ, ಕೇರಿಯಿಲ್ಲ, ಬರೀ ಗೋಡೆ. ಆದರೂ ಊರಿಗೆ ಊರೇ ಎದ್ದು ನಿಂತಿತು.

ಹೇಗೆ ಅಂತೀರಾ? ನನಗೆ ಕಂಡ ಹಾಗೆ ಹೇಳುತ್ತೇನೆ. ಉನ್ನವ ಊರಿನ ಲೆಕ್ಕ ಹಿಡಿದರು. ಮೊದಲ ಮಹಾಯುದ್ಧದ ಕಾಲ, ಕಾಳಿನ ಧಾರಣೆ ಏರಿದೆ. ಇಷ್ಟು ದಿನ ಕಾಳಿನಲ್ಲಿ ಕೂಲಿ ಅಳೆಯುತ್ತಿದ್ದ ದೊಡ್ಡ ರೈತರು ಈಗ ದುಡ್ಡು ತಗೊಳ್ಳಿ ಅನ್ನುತ್ತಾರೆ. ಆ ದುಡ್ಡಿಗೆ ಹೊಟ್ಟೆ ತುಂಬೋದಿಲ್ಲ. ಇಷ್ಟರಲ್ಲೇ ಇಡೀ ಊರಿನ ಜಗಳ ಬಂದುಬಿಟ್ಟಿತು ನೋಡಿ. ಮಾಲ ಕೇರಿಯ ರಾಮದಾಸನ ಮಗ ಸಂಗದಾಸ ಕೂಲಿಯವರನ್ನು ಒಂದುಗೂಡಿಸುತ್ತಾನೆ, ಜಮೀನುದಾರ ಚೌದರಯ್ಯನ ಏಟಿಗೆ ಸಾಯುತ್ತಾನೆ. ಚೌದರಯ್ಯನ ಮಗನೇ ಸಂಗದಾಸನ ಗೆಳೆಯ.

ಎರಡನೆಯದು ಭಾಷೆ. ಗ್ರಾಂಥಿಕ ತೆಲುಗೇ ದೊಡ್ಡದು ಅಂತ ಪಂಡಿತರು ಹಟ ಹಿಡಿದಿದ್ದ ಕಾಲದಲ್ಲಿ ಇವರು ಗುಂಟೂರು ಜನರ ಬಾಯಿಮಾತನ್ನೇ ಕಾದಂಬರಿಗೆ ತಂದರು.

ನಾನೂ ಕೂಲಿ ಕೊಡುವವನೇ. ಕಡ್ಲೆಕಾಯಿ ಕೀಳುವ ಕಾಲಕ್ಕೆ ಬಳ್ಳ ನನ್ನ ಕೈಯಲ್ಲೇ ಇರುತ್ತೆ. ಈ ಪುಸ್ತಕ ಓದುವಾಗ ಮನಸ್ಸು ಸಂಗದಾಸನ ಕಡೆ ಇದ್ದರೂ, ಕೂತ ಜಾಗ ಮಾತ್ರ ಚೌದರಯ್ಯನ ಕಟ್ಟೆಯೇ ಅನಿಸುತ್ತೆ. ಮರ, ಬಾವಿ, ಎಮ್ಮೆಗಳ ಕಥೆ ನನಗೆ ಹೀಗೆ ಚುಚ್ಚಿಲ್ಲ.

1922ರಲ್ಲಿ ಅಚ್ಚಾದ ಪುಸ್ತಕವನ್ನು ಮದ್ರಾಸ್ ಸರ್ಕಾರ ಬೇಗನೆ ನಿಷೇಧಿಸಿತು. ಆಗ ಬಳ್ಳಾರಿ, ಆದೋನಿ, ರಾಯದುರ್ಗ, ಮಡಕಶಿರಾ ಎಲ್ಲವೂ ಮದ್ರಾಸಿನ ಕೆಳಗೇ ಇದ್ದವು. ಅಂದರೆ ನಮ್ಮ ಅಜ್ಜಂದಿರ ಕೈಗೂ ಅದು ಸಿಗಬಾರದ ಪುಸ್ತಕ. 1928ರಲ್ಲಿ ಕೆಲವು ತಿದ್ದುಪಡಿಯೊಂದಿಗೆ ಒಪ್ಪಿಗೆ ಸಿಕ್ಕಿತು. 1936ರಲ್ಲಿ ಮತ್ತೆ ತಡೆ ಬಿತ್ತು. 1937ರಲ್ಲಿ ರಾಜಾಜಿ ಮಂತ್ರಿಮಂಡಲ ಬಂದ ಮೇಲೆ ಪೂರ್ತಿ ಬಿಡುಗಡೆಯಾಯಿತು.

ಉನ್ನವ ಆ ಕೇರಿಯಲ್ಲಿ ಹುಟ್ಟಿದವರಲ್ಲ ಎಂಬ ಮಾತಿದೆ. ನಿಜವೇ. ಅದೇ ಗುಂಟೂರು ಸೀಮೆಯ ಗುರ್ರಂ ಜಾಷುವಾ ಅವರಂಥವರು ತಮ್ಮ ನೋವನ್ನು ತಾವೇ ಬರೆದಾಗ ಅದರ ತೂಕವೇ ಬೇರೆ. ಆದರೆ ಮೊದಲ ಬಾಗಿಲು ತೆರೆದವರಲ್ಲಿ ಉನ್ನವ ಒಬ್ಬರು. ಹೆಣ್ಣುಮಕ್ಕಳ ಓದಿಗೆಂದು ಗುಂಟೂರಿನಲ್ಲಿ ಶಾರದಾ ನಿಕೇತನ ಕಟ್ಟಿದ ಅವರು 1958ರಲ್ಲಿ ತೀರಿಕೊಂಡರು.

ನಮ್ಮ ಗಡಿಯಲ್ಲಿ ಕಥೆ ಬರೆಯುವ ಹುಡುಗ ಹುಡುಗಿಯರಿಗೆ ನಾನು ಹೇಳೋದು ಇಷ್ಟೆ. ಪೆನ್ನು ಹಿಡಿಯುವ ಮುಂಚೆ ನಿಮ್ಮೂರಿನಲ್ಲಿ ದಿನಗೂಲಿ ಎಷ್ಟು, ಗಂಡಾಳಿಗೆಷ್ಟು ಹೆಣ್ಣಾಳಿಗೆಷ್ಟು, ಅದನ್ನು ಗೊತ್ತು ಮಾಡುವವರು ಯಾರು ಅಂತ ಕೇಳಿಕೊಂಡು ಬನ್ನಿ. ಆಲದ ಮರ ಆಮೇಲೆ ಬರಲಿ.